ಹೃದಯದ ಕೊಬ್ಬಿನ ಸುಳಿವು ಹೊಟ್ಟೆಯ ಸುತ್ತಳತೆಯಲ್ಲಿ: ಅಳೆಯುವುದು ಹೇಗೆ?

ನಮ್ಮಣ್ಣನಿಗೆ ಸೊಂಟದ ಅಳತೆ ಕೇಳಿದರೆ 34 ಇಂಚು ಎನ್ನುತ್ತಿದ್ದ. ನಾನೇ ಟೇಪು ಹಿಡಿದಾಗ 38 ಬಂತು. ಅವನು ಹೇಳುತ್ತಿದ್ದದ್ದು ಪ್ಯಾಂಟಿನ ಸೈಜು. ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ, ನಮಗೆ ಬೇಕಿರುವುದು ಹೊಟ್ಟೆಯ ಲೆಕ್ಕ.

ಈ ಅಳತೆಗೂ ಹೃದಯಕ್ಕೂ ಏನು ಸಂಬಂಧ? ಹೃದಯದ ಮೇಲೆ ಎಲ್ಲರಿಗೂ ಸ್ವಲ್ಪ ಕೊಬ್ಬು ಇರುತ್ತದೆ. ಹೃದಯಕ್ಕೆ ರಕ್ತ ಕೊಡುವ ಕರೋನರಿ ನಾಳಗಳು ಅದರೊಳಗೇ ಹಾದುಹೋಗುತ್ತವೆ. ಕೊಬ್ಬಿಗೂ ಹೃದಯದ ಸ್ನಾಯುವಿಗೂ ನಡುವೆ ತಡೆಯುವ ಪೊರೆ ಇಲ್ಲ. ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ ಇರುವವರಲ್ಲಿ ಸಾಮಾನ್ಯವಾಗಿ ಹೃದಯದ ಮೇಲಿನ ಈ ಕೊಬ್ಬೂ ದಪ್ಪಗಿರುತ್ತದೆ. ಹಳೇ ಚಕ್ಕುಲಿ ಡಬ್ಬಿ ತೆರೆದರೆ ಕಮಟು ವಾಸನೆ ಬರುತ್ತದಲ್ವಾ? ಅದು ಆಮ್ಲಜನಕ ಎಣ್ಣೆಯನ್ನು ಕೆಡಿಸಿದ ಗುರುತು. ಕೊಬ್ಬು ಅತಿಯಾದರೆ ಮೈಯೊಳಗೂ ಅಂಥ ಕೆಡುಕು ಹೆಚ್ಚಬಹುದು. ತಡೆಯಲಾಗದಷ್ಟು ಹೆಚ್ಚಾದರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್. ಅದರಿಂದ ರಕ್ತನಾಳದ ಒಳಗೋಡೆಗೆ ಪೆಟ್ಟು.

ಅಳೆಯುವುದು ಬೆಳಿಗ್ಗೆ, ತಿಂಡಿಗೆ ಮೊದಲು.

ಟೇಪನ್ನು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ವರ್ಷಗಟ್ಟಲೆ ಎಳೆದಾಡಿದ ಬಟ್ಟೆ ಟೇಪು ಹಿಗ್ಗಿರುತ್ತದೆ, ಅಳತೆ ಕಡಿಮೆ ತೋರಿಸುತ್ತದೆ. ಅಂಥದ್ದನ್ನು ಎಸೆದುಬಿಡಿ.

ಇನ್ನು ಜಾಗ. ತಪ್ಪಾಗುವುದೆಲ್ಲ ಇಲ್ಲೇ. ಪಕ್ಕಕ್ಕೆ ಬೆರಳೊತ್ತಿ ಕೊನೆಯ ಪಕ್ಕೆಲುಬು ಹುಡುಕಿ. ಅಲ್ಲಿಂದ ಕೆಳಗೆ ಬನ್ನಿ, ಸೊಂಟದ ಮೂಳೆಯ ಮೇಲಂಚು ಗಟ್ಟಿಯಾಗಿ ಸಿಗುತ್ತದೆ. ಎರಡರ ನಟ್ಟನಡುವೆ ಪೆನ್ನಿನಿಂದ ಚುಕ್ಕೆ ಇಡಿ. ಇನ್ನೊಂದು ಪಕ್ಕಕ್ಕೂ ಹಾಗೇ. ಹೊಕ್ಕುಳನ್ನು ನಂಬಬೇಡಿ, ಹೊಟ್ಟೆ ಜೋತರೆ ಅದೂ ಕೆಳಗಿಳಿಯುತ್ತದೆ. ಸೀರೆ ಉಡುವವರು ನೆರಿಗೆ ಸಡಿಲಿಸಿ, ಲಂಗದ ಲಾಡಿ ಬಿಚ್ಚಿ, ಬರಿ ಮೈಮೇಲೆ ಟೇಪು ಸುತ್ತಬೇಕು. ಲಾಡಿ ಒತ್ತಿದ ಗೆರೆಯೇ ಸೊಂಟ ಅಂದುಕೊಳ್ಳುವವರು ಬಹಳ. ಅದಲ್ಲ.

ಕಾಲು ಜೋಡಿಸಿ ನೆಟ್ಟಗೆ ನಿಲ್ಲಿ. ಬೆನ್ನ ಹಿಂದೆ ಟೇಪು ಜಾರಿದೆಯಾ ಅಂತ ಕನ್ನಡಿಯಲ್ಲಿ ನೋಡಿ, ಇಲ್ಲವೇ ಮನೆಯವರನ್ನು ಕರೆಯಿರಿ. ಟೇಪು ಮೈಗೆ ತಾಗಬೇಕು, ಚರ್ಮ ಒತ್ತಬಾರದು. ಸುಮ್ನೆ ಉಸಿರು ಬಿಟ್ಟು, ಬಿಟ್ಟ ಕೊನೆಗೆ ಓದಿ. ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುವುದು ಎಲ್ಲರ ಅಭ್ಯಾಸ, ದಯವಿಟ್ಟು ಬಿಡಿ. ಎರಡು ಸಲ ಅಳೆಯಿರಿ. 1 ಸೆಂ.ಮೀ.ಗಿಂತ ವ್ಯತ್ಯಾಸ ಬಂದರೆ ಮತ್ತೆ ಮೊದಲಿಂದ.

ನಮ್ಮ ದೇಶದವರಿಗೆ ಗಡಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80. ಅದನ್ನು ಮುಟ್ಟಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ. ಲೆಕ್ಕಕ್ಕೆ ಬರುವುದು ಇವು (ರಕ್ತದ ಅಂಕಿಗಳು mg/dLನಲ್ಲಿ): ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಜಾಸ್ತಿ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 150 ಅಥವಾ ಜಾಸ್ತಿ, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕಡಿಮೆ, ಬಿಪಿಯಲ್ಲಿ ಮೇಲಿನದು 130 ಅಥವಾ ಕೆಳಗಿನದು 85 ಮುಟ್ಟಿರುವುದು. ಸುತ್ತಳತೆಯೂ ಸೇರಿ ಐದರಲ್ಲಿ ಮೂರು ಇದ್ದರೆ ಅದು ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿಸುವ ಲಕ್ಷಣಗಳ ಗುಂಪು. ಟೇಪು ಸುಳಿವು ಮಾತ್ರ ಕೊಡುತ್ತದೆ. ಹೃದಯದ ಕೊಬ್ಬನ್ನು ನೇರವಾಗಿ ಎಕೋ, ಸಿಟಿ ಅಥವಾ ಎಂಆರ್‌ಐ ಸ್ಕ್ಯಾನಿನಲ್ಲೇ ನೋಡಬೇಕು. ಅದು ಬೇಕೋ ಬೇಡವೋ ಡಾಕ್ಟರೇ ಹೇಳಲಿ.

ಬೆವರಿಳಿಸುವ ಬೆಲ್ಟಿಗೆ ದುಡ್ಡು ಹಾಕಬೇಡಿ. ಅದರಿಂದ ಹೋಗುವುದು ನೀರು, ಕೊಬ್ಬಲ್ಲ. ಆಮ್ಲಜನಕದ ಕೆಡುಕು ತಡೆಯುತ್ತದೆ ಅಂತ ಮಾರುವ ಆಂಟಿಆಕ್ಸಿಡೆಂಟ್ ಮಾತ್ರೆಯೂ ಅಷ್ಟೇ: ವಿಟಮಿನ್ ಇ ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಗಳಲ್ಲಿ ಹೃದಯಾಘಾತ ಕಡಿಮೆಯಾಗಲಿಲ್ಲ. ಆ ದುಡ್ಡಿಗೆ ಒಳ್ಳೆ ಶೂ ತಗೊಂಡು ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಮೂರು ತಿಂಗಳಾದ ಮೇಲೆ ಅದೇ ಟೇಪು, ಅದೇ ಜಾಗ, ಅದೇ ಹೊತ್ತಿಗೆ ಮತ್ತೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ.