ಊರ ಕಲ್ಲಿನ ಮುಂದೆ ಒಂದು ಗಂಟೆ: ಶಾಸನ ನಡಿಗೆಯನ್ನು ಏರ್ಪಡಿಸುವುದು ಹೇಗೆ?

ರಾಜ್ಯೋತ್ಸವದ ತಿಂಗಳಲ್ಲಿ ನಾಡಿನ ಇತಿಹಾಸದ ಬಗ್ಗೆ ಭಾಷಣಗಳಿಗೇನೂ ಕೊರತೆಯಿರುವುದಿಲ್ಲ. ಕದಂಬರಿಂದ ಒಡೆಯರವರೆಗಿನ ಅರಸುಮನೆತನಗಳ ಹೆಸರುಗಳನ್ನು ವೇದಿಕೆಯ ಮೇಲಿನಿಂದ ಒಪ್ಪಿಸಿ, ಹಾರ ತುರಾಯಿಗಳ ಶಾಸ್ತ್ರ ಮುಗಿಸಿ ಎಲ್ಲರೂ ಮನೆಗೆ ಹೋಗುತ್ತಾರೆ. ಅದೇ ಊರಿನ ಕೆರೆ ಏರಿಯ ಮೇಲೋ ಈಶ್ವರ ಗುಡಿಯ ಹಿಂದೆಯೋ ನಿಂತಿರುವ ಬರಹದ ಕಲ್ಲಿನಲ್ಲಿ ಏನಿದೆಯೆಂದು ಕೇಳುವವರು ಅಪರೂಪ. ನಾಡಿನ ಚರಿತ್ರೆಯನ್ನು ಜನರ ಬಳಿಗೆ ಒಯ್ಯಬೇಕೆನ್ನುವ ಸಂಘ, ಶಾಲೆ, ಗ್ರಂಥಾಲಯಗಳು ಆ ಕಲ್ಲಿನಿಂದಲೇ ಕೆಲಸ ಆರಂಭಿಸಬಹುದು. ಜನರನ್ನು ಕಲ್ಲುಗಳ ಬಳಿಗೆ ನಡೆಸಿಕೊಂಡು ಹೋಗಿ ಬರಹವನ್ನು ಓದಿ ಹೇಳುವ ಇಂಥ ಶಾಸನ ನಡಿಗೆಗೆ ಶಾಮಿಯಾನ ಬೇಡ, ಧ್ವನಿವರ್ಧಕವೂ ಬೇಡ. ಆದರೆ ಮೂರು ನಾಲ್ಕು ವಾರಗಳ ಪೂರ್ವಸಿದ್ಧತೆ ಮಾತ್ರ ಬೇಕೇ ಬೇಕು.

ಮೊದಲು ಅಚ್ಚಾದ ಪಾಠವನ್ನು ಹುಡುಕಿ

ಕಲ್ಲಿನ ಬಳಿ ಹೋಗುವುದಕ್ಕೆ ಮುಂಚೆ ಪುಸ್ತಕದ ಬಳಿ ಹೋಗಬೇಕು. ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಹೊರತರಲಾರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆ ಮತ್ತು ಕೊಡಗಿನ ಸಾವಿರಾರು ಶಾಸನಗಳು ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿ ಸೇರಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಇವುಗಳ ಪರಿಷ್ಕೃತ ಆವೃತ್ತಿಯನ್ನು ಪ್ರಕಟಿಸುತ್ತ ಬಂದಿದ್ದು, ಸಿಗುವುದಾದರೆ ಅದನ್ನೇ ನೋಡುವುದು ಲೇಸು. ಉತ್ತರ ಕರ್ನಾಟಕದವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನೂ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳನ್ನೂ ಭಾರತೀಯ ಪುರಾತತ್ವ ಇಲಾಖೆಯ ದಕ್ಷಿಣ ಭಾರತದ ಶಾಸನಗಳ ಮಾಲೆಯನ್ನೂ ಅವಲಂಬಿಸಬೇಕಾಗುತ್ತದೆ.

ಹುಡುಕುವಾಗ ಒಂದು ತೊಡಕು ಎದುರಾಗುತ್ತದೆ. ರೈಸ್ ಅವರ ಕಾಲದ ಆಡಳಿತ ವಿಂಗಡಣೆ ಇಂದಿನದಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆ ಅಲ್ಲಿ ಕಡೂರು ಜಿಲ್ಲೆ. ನಿಮ್ಮ ಊರು ಆಗ ಪಕ್ಕದ ತಾಲ್ಲೂಕಿನಲ್ಲಿ ಇದ್ದಿರಬಹುದು, ಇಲ್ಲವೇ ಕಲ್ಲಿರುವ ಜಾಗ ಈಗ ಕಂದಾಯ ದಾಖಲೆಯಲ್ಲಷ್ಟೇ ಉಳಿದಿರುವ ಬೇಚರಾಕ್ ಗ್ರಾಮದ ಹೆಸರಿನಲ್ಲಿ ದಾಖಲಾಗಿರಬಹುದು. ಆದ್ದರಿಂದ ಗ್ರಾಮ ನಕಾಶೆಯನ್ನು ಬಲ್ಲ ಹಿರಿಯರೊಬ್ಬರನ್ನೋ ಗ್ರಾಮ ಆಡಳಿತಾಧಿಕಾರಿಯನ್ನೋ ಜೊತೆಗೆ ಕೂರಿಸಿಕೊಂಡು ಪಟ್ಟಿ ಮಾಡಿದರೆ ಅರ್ಧ ಶ್ರಮ ಉಳಿಯುತ್ತದೆ. ‘ಅದೇ ಗ್ರಾಮದ ದೇವಸ್ಥಾನದ ಬಲಗಡೆ ನೆಟ್ಟ ಕಲ್ಲು’ ಎಂಬಂಥ ಸ್ಥಳಸೂಚನೆಗಳನ್ನು ಅಕ್ಷರಶಃ ಬರೆದುಕೊಳ್ಳಿ. ದೇವಸ್ಥಾನ ಹೊಸದಾಗಿ, ಕಲ್ಲು ಮೋರಿಗೆ ಚಪ್ಪಡಿಯಾಗಿರುವುದೂ ಉಂಟು.

ಕಲ್ಲನ್ನು ನೋಡುವ ಬಗೆ

ಬರಹವಿರುವ ಕಲ್ಲುಗಳೆಲ್ಲ ದಾನಶಾಸನಗಳಲ್ಲ, ಚಿತ್ರವಿರುವ ಕಲ್ಲುಗಳೆಲ್ಲ ದೇವರೂ ಅಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಇದ್ದರೆ ಅದು ವೀರಗಲ್ಲು. ಕಂಬದಿಂದ ಹೊರಚಾಚಿ ಮೇಲೆತ್ತಿದ ಬಳೆ ತೊಟ್ಟ ತೋಳು ಕಂಡರೆ ಮಾಸ್ತಿಕಲ್ಲು, ಅಂದರೆ ಸಹಗಮನ ಮಾಡಿದ ಹೆಣ್ಣಿನ ನೆನಪಿನ ಕಲ್ಲು. ಮೇಲ್ಭಾಗದಲ್ಲಿ ಸೂರ್ಯಚಂದ್ರರು, ಹಸು ಕರು ಇದ್ದು ಕೆಳಗೆ ಸಾಲುಸಾಲು ಬರಹವಿದ್ದರೆ ಸಾಮಾನ್ಯವಾಗಿ ಅದು ದಾನಶಾಸನ. ದಾನವನ್ನು ಕಸಿದವನು ಅರುವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆಂಬ ಶಾಪಾಶಯ ಶ್ಲೋಕ ಅದರ ಕೊನೆಯಲ್ಲಿ ಬಹಳ ಸಲ ಸಿಗುತ್ತದೆ. ಹೊಲದ ಬದುವಿನಲ್ಲಿ ಲಿಂಗಮುದ್ರೆಯ ಅಥವಾ ವಾಮನಮುದ್ರೆಯ ಕಲ್ಲಿದ್ದರೆ ಅದು ದತ್ತಿಭೂಮಿಯ ಎಲ್ಲೆಯನ್ನು ತೋರಿಸುತ್ತದೆ.

ಸವೆದ ಅಕ್ಷರಗಳು ನಡುಹಗಲಿನಲ್ಲಿ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಅದು ಬೀಳದ ಕಡೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದರೆ ಅಕ್ಷರದ ಗೀರುಗಳಲ್ಲಿ ನೆರಳು ತುಂಬಿಕೊಂಡು ಸಾಲುಗಳು ಎದ್ದುಬರುತ್ತವೆ. ಸೀಮೆಸುಣ್ಣ ಉಜ್ಜುವುದು, ಎಣ್ಣೆ ಹಚ್ಚುವುದು, ತಂತಿ ಬ್ರಷ್ಷಿನಿಂದ ತಿಕ್ಕುವುದು, ಆಮ್ಲ ಹಾಕಿ ತೊಳೆಯುವುದು, ಎಲ್ಲಕ್ಕಿಂತ ಮಿಗಿಲಾಗಿ ಬಣ್ಣ ಬಳಿಯುವುದು ಕೂಡದು. ಒದ್ದೆ ಕಾಗದ ಮತ್ತು ಮಸಿಯಿಂದ ಪಡಿಯಚ್ಚು ತೆಗೆಯುವ ವಿದ್ಯೆ ಬಲ್ಲವರು ಮಾಡುವಂಥದ್ದು. ಉತ್ಸಾಹಿಗಳು ಅದಕ್ಕೆ ಕೈಹಾಕದೆ ಫೋಟೊಗಳಿಗೆ ತೃಪ್ತಿಪಟ್ಟುಕೊಳ್ಳಬೇಕು. ಬೆಂಗಳೂರಿನ ಮಿಥಿಕ್ ಸೊಸೈಟಿಯು ನಗರದ ಸುತ್ತಲಿನ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಿರುವ ಕ್ರಮದಲ್ಲಂತೂ ಕಲ್ಲಿಗೆ ಏನನ್ನೂ ಸವರುವ ಅಗತ್ಯವೇ ಬರುವುದಿಲ್ಲ.

ಕಾಲವನ್ನು ಲೆಕ್ಕ ಹಾಕುವುದು

ಕಾರ್ಯಕ್ರಮಗಳಲ್ಲಿ ಬಾಯಿಂದ ಬಾಯಿಗೆ ಹಬ್ಬುವ ತಪ್ಪುಗಳಲ್ಲಿ ಹೆಚ್ಚಿನವು ಇಸವಿಗೆ ಸಂಬಂಧಿಸಿದವು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆಂಬ ಸೂತ್ರ ಎಲ್ಲರಿಗೂ ಗೊತ್ತು. ಆದರೆ ಶಾಸನದಲ್ಲಿ ಹೇಳಿರುವುದು ಆಗಲೇ ಪೂರ್ತಿ ಮುಗಿದ ವರ್ಷವೋ ನಡೆಯುತ್ತಿರುವ ವರ್ಷವೋ ಎಂಬುದರ ಮೇಲೆ ಒಂದು ವರ್ಷ ಹಿಂದುಮುಂದಾಗುತ್ತದೆ. ಅರವತ್ತು ಸಂವತ್ಸರಗಳ ಚಕ್ರ ಇಲ್ಲಿ ಒರೆಗಲ್ಲಾಗುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಎಂದಿದೆ. ಕೂಡಿಸಿದರೆ 950, ಆದರೆ ಸೌಮ್ಯ ಸಂವತ್ಸರ ಮೊದಲಾಗುವುದು 949ರ ಯುಗಾದಿಗೆ. ಇನ್ನು ಮುಂದೆ ಅದು ಬರುವುದು 2029ರಲ್ಲಿ, ನಡುವಣ ಅಂತರ 1080 ವರ್ಷ, ಅಂದರೆ ಸರಿಯಾಗಿ ಹದಿನೆಂಟು ಸುತ್ತು. ಹಾಗಾಗಿ ಆ ಶಾಸನದ ಕಾಲವನ್ನು 949–50 ಎಂದು ಬರೆಯುತ್ತಾರೆ. ಹೈಸ್ಕೂಲಿನ ಮಕ್ಕಳಿಗೆ ಈ ಲೆಕ್ಕವನ್ನು ನಡಿಗೆಯ ದಿನವೇ ಮಾಡಲು ಕೊಟ್ಟರೆ ಯಾವ ಭಾಷಣಕ್ಕಿಂತಲೂ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ.

ಆತಕೂರಿನ ಕಲ್ಲನ್ನು ಇನ್ನೊಂದು ಕಾರಣಕ್ಕೂ ಇಲ್ಲಿ ತೆಗೆದುಕೊಳ್ಳಬೇಕು. ಅದು ನಾಯಿಯೊಂದರ ಸ್ಮಾರಕ. ಗಂಗ ದೊರೆ ಬೂತುಗನ ಸೇವಕ ಮಣಲರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಅರಸನಿಂದ ಕಾಳಿಯೆಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಹಂದಿಯ ಮೇಲೆ ನಾಯಿ ಎರಗಿರುವ ಚಿತ್ರ ಕಲ್ಲಿನ ಮೇಲೆಯೇ ಇದೆ. ಕಲ್ಲಿಗೆ ಪೂಜೆ ಮಾಡದೆ ಗೊರವನು (ಶೈವ ಪೂಜಾರಿ) ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆಂಬ ಎಚ್ಚರಿಕೆಯನ್ನೂ ಬರೆಸಿದ್ದಾರೆ. ಇದೇ ಕಲ್ಲು ರಾಷ್ಟ್ರಕೂಟ ಮೂರನೆಯ ಕೃಷ್ಣನು ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದ ಯುದ್ಧದ ಸುದ್ದಿಯನ್ನೂ ಹೇಳುತ್ತದೆ. ನಾಯಿಯ ಕಥೆಯಿಂದ ಶುರುಮಾಡಿ ತಕ್ಕೋಲಕ್ಕೆ ಹೋದರೆ ಕೇಳುವವರು ಜೊತೆಗೆ ಬರುತ್ತಾರೆ. ತಕ್ಕೋಲದಿಂದ ಶುರುಮಾಡಿದರೆ ಎರಡನೆಯ ವಾಕ್ಯಕ್ಕೆ ಮೊಬೈಲ್ ಹೊರಬರುತ್ತದೆ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅನುಮತಿ, ದಿನ, ದಾರಿ

ಕಲ್ಲು ಖಾಸಗಿ ಹೊಲದಲ್ಲಿದ್ದರೆ ಮಾಲೀಕರ, ದೇವಸ್ಥಾನದಲ್ಲಿದ್ದರೆ ಅರ್ಚಕರ ಮತ್ತು ಸಮಿತಿಯ ಒಪ್ಪಿಗೆ ಬೇಕು. 1958ರ ಕೇಂದ್ರ ಕಾಯ್ದೆಯಡಿಯಲ್ಲೋ 1961ರ ರಾಜ್ಯ ಕಾಯ್ದೆಯಡಿಯಲ್ಲೋ ಸಂರಕ್ಷಿತವಾದ ಸ್ಥಳವಾದರೆ ಸಂಬಂಧಪಟ್ಟ ಇಲಾಖೆಗೆ ಮೊದಲೇ ಪತ್ರ ಬರೆಯಿರಿ. ಹೊಲದ ಕಲ್ಲಿನ ಸುತ್ತ ಏಕಾಏಕಿ ಜನ ಸೇರಿದರೆ ನಿಧಿಯ ವದಂತಿ ಹಬ್ಬುತ್ತದೆ, ಮರುವಾರವೇ ಬುಡ ಅಗೆದಿರುತ್ತಾರೆ. ಆದ್ದರಿಂದ ಇದರಲ್ಲಿ ನಿಧಿಯ ಮಾತಿಲ್ಲವೆಂಬುದನ್ನು ಶಾಸನದ ಅರ್ಥಸಮೇತ ಊರಿನವರಿಗೆ ಮುಂಚಿತವಾಗಿ ತಿಳಿಸುವುದು ಕಲ್ಲಿಗೇ ಕ್ಷೇಮ.

ಏಪ್ರಿಲ್ 18ರ ವಿಶ್ವ ಪರಂಪರೆಯ ದಿನ ಅಥವಾ ನವೆಂಬರ್ 19ರಿಂದ 25ರವರೆಗಿನ ಪರಂಪರೆ ಸಪ್ತಾಹದ ಒಂದು ಬೆಳಗು ಸೂಕ್ತ. ಇಪ್ಪತ್ತೈದು ಜನರಿಗಿಂತ ಹೆಚ್ಚು ಬೇಡ, ಮೂರು ಕಲ್ಲುಗಳಿಗಿಂತ ಹೆಚ್ಚು ಬೇಡ. ಪ್ರತಿಯೊಬ್ಬರ ಕೈಗೂ ಶಾಸನದ ಮೂಲಪಾಠ, ಹೊಸಗನ್ನಡದ ತಾತ್ಪರ್ಯ ಇರುವ ಒಂದು ಹಾಳೆ ಕೊಡಿ. ಹಳಗನ್ನಡವನ್ನು ಒಬ್ಬರು ಗಟ್ಟಿಯಾಗಿ ಓದಲಿ. ‘ತುಱು’ ಎಂದರೆ ದನಗಳೆಂದು ತಿಳಿದೊಡನೆ, ದನ ಬಿಡಿಸಿಕೊಳ್ಳಲು ಹೋಗಿ ಸತ್ತವನ ಕಲ್ಲು ಊರಿನವರಿಗೆ ತಾನಾಗಿ ಅರ್ಥವಾಗುತ್ತದೆ.

ಅದೇ ಕಲ್ಲಿನ ಬಗ್ಗೆ ಅಜ್ಜಿಯೊಬ್ಬರು ಬೇರೆಯೇ ಕಥೆ ಹೇಳಿದರೆ ತಡೆಯಬಾರದು. ಐತಿಹ್ಯವನ್ನು ಐತಿಹ್ಯವೆಂದು, ಬರಹವನ್ನು ಬರಹವೆಂದು ಎರಡು ಕಂಬಸಾಲುಗಳಲ್ಲಿ ದಾಖಲಿಸಿಕೊಳ್ಳಿ; ಧ್ವನಿಮುದ್ರಣಕ್ಕೆ ಅವರ ಒಪ್ಪಿಗೆ ಪಡೆಯಿರಿ. ಹೆಚ್ಚು ಎಚ್ಚರ ಬೇಕಾದದ್ದು ವೀರನ ಕುಲವನ್ನು ತಮ್ಮದೆಂದು ಹೇಳಿಕೊಳ್ಳುವ ಸ್ಪರ್ಧೆ ಹುಟ್ಟಿದಾಗ. ಆಗ ಪಾಠವನ್ನು ಮತ್ತೊಮ್ಮೆ ಓದಿ, ಅದರಲ್ಲಿ ಇಲ್ಲದ್ದನ್ನು ಇಲ್ಲವೆಂದಷ್ಟೇ ಹೇಳಿ ಮುಂದಿನ ಕಲ್ಲಿಗೆ ನಡೆಯುವುದು ಜಾಣತನ.

ನಡಿಗೆ ಮುಗಿದ ವಾರದೊಳಗೆ ಪ್ರತಿ ಕಲ್ಲಿನ ಫೋಟೊ, ಅಳತೆ, ಇರುವ ಜಾಗ, ಈಗಿನ ಸ್ಥಿತಿ, ಸಂಪುಟ ಮತ್ತು ಶಾಸನದ ಸಂಖ್ಯೆ ಇಷ್ಟನ್ನೂ ಒಂದು ಕಡತ ಮಾಡಿ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಒಂದನ್ನು ಶಾಲೆಗೆ, ಒಂದನ್ನು ರಾಜ್ಯ ಪುರಾತತ್ವ ಇಲಾಖೆಗೆ ಕೊಡಿ. ಯಾವ ಸಂಪುಟದಲ್ಲೂ ಸಿಗದ ಬರಹ ಕಣ್ಣಿಗೆ ಬಿದ್ದಿದ್ದರೆ ಅದನ್ನು ಪತ್ರಿಕೆಗೆ ಕಳುಹಿಸುವುದಕ್ಕೆ ಮೊದಲು ಹತ್ತಿರದ ವಿಶ್ವವಿದ್ಯಾಲಯದ ಶಾಸನತಜ್ಞರಿಗೋ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗಕ್ಕೋ ಫೋಟೊ ಕಳುಹಿಸಿ, ಅವರ ಓದು ಬರುವವರೆಗೆ ಕಾಯಿರಿ.