ಹೊಲಿಗೆ ಬರುತ್ತೆ, ಸರ್ಟಿಫಿಕೇಟ್ ಇಲ್ಲ ಅನ್ನುವವರಿಗೆ

ನಾನು ರವಿಕೆ ಹೊಲಿಯಲು ಶುರು ಮಾಡಿ 22 ವರ್ಷವಾಯಿತು. ಕಲಿತದ್ದು ಅತ್ತೆಯ ಪಕ್ಕ ಕೂತು. ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ನನ್ನಂಥವರಿಗೆ ಆರ್‌ಪಿಎಲ್ (ರೆಕಗ್ನಿಷನ್ ಆಫ್ ಪ್ರಯರ್ ಲರ್ನಿಂಗ್), ಅಂದರೆ ಮೊದಲೇ ಕಲಿತದ್ದಕ್ಕೆ ಮಾನ್ಯತೆ ಅಂತ ಒಂದು ದಾರಿ ಇದೆ. ಗೊತ್ತಿರುವ ಕೆಲಸವನ್ನೇ ತಿಂಗಳುಗಟ್ಟಲೆ ಮತ್ತೆ ಕಲಿಸುವುದಿಲ್ಲ. ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ ಇದೂ ಸೇರಿದೆ. ಇದರಲ್ಲಿ ನಾವು ಫೀಸು ಕಟ್ಟಬೇಕಿಲ್ಲ. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಮೊದಲು ಯಾವ ಕೆಲಸಕ್ಕೆ ಪರೀಕ್ಷೆ ಅಂತ ನೋಡಿ. ನಾನು ಎಡವಿದ್ದು ಇಲ್ಲೇ. ತರಬೇತಿ ಕೇಂದ್ರದವರು ಬರೆದುಕೊಂಡದ್ದಕ್ಕೆ ಸುಮ್ನೆ ಸಹಿ ಹಾಕಿದೆ. ‘ಸ್ಯೂಯಿಂಗ್ ಮೆಷಿನ್ ಆಪರೇಟರ್’ ಅಂತ ಸರ್ಟಿಫಿಕೇಟ್ ಬಂತು. ಅದು ಗಾರ್ಮೆಂಟ್ಸ್ ಲೈನಿನಲ್ಲಿ ಕೂರುವವರ ಕೆಲಸ. ಅಳತೆ ತಗೊಂಡು, ಕಟಿಂಗ್ ಮಾಡಿ, ಹೊಲಿದು ಕೊಡುವ ನಮಗೆ ಬೇಕಾದದ್ದು ‘ಸೆಲ್ಫ್ ಎಂಪ್ಲಾಯ್ಡ್ ಟೈಲರ್’, ಸಂಖ್ಯೆ ಎಎಂಎಚ್/ಕ್ಯೂ1947. ಆ ಕೆಲಸದ ಕ್ವಾಲಿಫಿಕೇಶನ್ ಪ್ಯಾಕ್, ಅಂದರೆ ಏನೇನು ಗೊತ್ತಿರಬೇಕು ಅಂತ ಬರೆದಿರುವ ಪಟ್ಟಿ, ಕೇಳಿ ತಗೊಳ್ಳಿ, ಓದಲು ಬರುವ ಮಕ್ಕಳಿಂದ ಓದಿಸಿಕೊಳ್ಳಿ. ಯಾವುದಕ್ಕೆ ಎಷ್ಟು ಅಂಕ ಅಂತ ಅದರಲ್ಲಿ ಇರುತ್ತೆ. ಮೆಷಿನ್ ನೋಡಿಕೊಳ್ಳುವುದಕ್ಕೂ, ಸುರಕ್ಷತೆಗೂ ಅಂಕ ಇದೆ.

ಆಧಾರ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರು ಒಂದೇ ತರ ಇರಲಿ. ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ಅನ್ನುವ ಸರ್ಕಾರದ ವೆಬ್‌ಸೈಟಿನಲ್ಲಿ ನೋಂದಣಿ ಮಾಡುವಾಗ ಆಧಾರ್‌ಗೆ ಜೋಡಿಸಿದ ಮೊಬೈಲ್ ಜೊತೆಗಿರಲಿ.

ಪರೀಕ್ಷಕರು ಹೊರಗಿನಿಂದ ಬರುತ್ತಾರೆ. ನಾನು ಎರಡನೇ ಸಲ ಕೂತಾಗ ಹೊಲಿಗೆ ಸಲೀಸಾಯಿತು, ತಡವರಿಸಿದ್ದು ಮಾತಿನಲ್ಲಿ.

“ಸೂಜಿ ಮುರಿದರೆ ಏನು ಮಾಡ್ತೀರಮ್ಮ?”

“ಬೇರೆ ಹಾಕ್ತೀನಿ ಸರ್.”

ಅವರು ಮುಂದೇನು ಅನ್ನುವ ಹಾಗೆ ನೋಡುತ್ತಾ ಕೂತರು. ಆಮೇಲೆ ಹೊಳೆಯಿತು. ಸೂಜಿ ಮುರಿದ ತಕ್ಷಣ ನಾನು ಮೆಷಿನ್ ನಿಲ್ಲಿಸುತ್ತೇನೆ. ಬಟ್ಟೆ ಕೊಡವಿ ಚೂರುಗಳನ್ನೆಲ್ಲ ಹುಡುಕಿ, ಅಂಗೈ ಮೇಲೆ ಜೋಡಿಸಿ, ಸೂಜಿ ಪೂರ್ತಿ ಆಯಿತಾ ಅಂತ ನೋಡುತ್ತೇನೆ. ತುದಿ ರವಿಕೆಯಲ್ಲೇ ಉಳಿದರೆ ಹಾಕಿಕೊಂಡವರಿಗೆ ಚುಚ್ಚುತ್ತೆ ಅಲ್ವಾ. ದಿನಾ ಮಾಡುವ ಕೆಲಸ, ಆದರೆ ಕೇಳಿದಾಗ ಬಾಯಿಗೆ ಬರಲಿಲ್ಲ.

ಅದಕ್ಕೇ ಈಗ ಪರೀಕ್ಷೆಗೆ ಹೋಗುವ ಅಕ್ಕಂದಿರಿಗೆ ಹೇಳುತ್ತೇನೆ: ಒಂದು ವಾರ ಹೊಲಿಯುತ್ತಾ ಜೋರಾಗಿ ಹೇಳಿಕೊಳ್ಳಿ. ಕಾಟನ್ ಲೈನಿಂಗನ್ನು ಮೊದಲೇ ನೆನೆಸಿ ಒಣಗಿಸುವುದು ಯಾಕೆ? ಹೊಲಿದ ಮೇಲೆ ಕುಗ್ಗಿದರೆ ಮೇಲಿನ ಬಟ್ಟೆ ಸುಕ್ಕಾಗುತ್ತೆ ಅಂತ. ಪಕ್ಕದಲ್ಲಿ ಜಾಸ್ತಿ ಬಟ್ಟೆ ಬಿಡುವುದು ಯಾಕೆ? ಮುಂದೆ ಬಿಚ್ಚಿ ದೊಡ್ಡದು ಮಾಡಬೇಕಾದೀತು ಅಂತ. ಪ್ರಶ್ನೆ ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳಿ ಅಂತ ಕೇಳಿ, ಸಂಕೋಚ ಬೇಡ. ಕೇಂದ್ರದಲ್ಲಿ ಕೇಳಿಕೊಂಡು ನಿಮ್ಮದೇ ಕತ್ತರಿ ಒಯ್ಯಿರಿ. ಬೇರೆಯವರ ಕತ್ತರಿಯಲ್ಲಿ ಕಂಕುಳ ಗುಂಡು ತಿರುಗಿಸುವುದು ಕಷ್ಟ.

2023ರ ಪಿಎಂ ವಿಶ್ವಕರ್ಮ ಬೇರೆ ಯೋಜನೆ. ಅದರ 18 ಕಸುಬುಗಳಲ್ಲಿ ಹೊಲಿಗೆಯೂ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಆದರೆ ಅದಕ್ಕೆ ಅರ್ಜಿಯೇ ಬೇರೆ.

ಸರ್ಟಿಫಿಕೇಟ್ ಬಂದ ದಿನವೇ ನಿಮ್ಮ ಹೆಸರು, ಕೆಲಸದ ಹೆಸರು, ಹಂತ (ಲೆವೆಲ್), ಈ ಮೂರನ್ನೂ ಓದಿ ನೋಡಿ. ತಪ್ಪಿದ್ದರೆ ಲ್ಯಾಮಿನೇಶನ್‌ಗೆ ಕೊಡುವ ಮೊದಲೇ ಕೇಂದ್ರಕ್ಕೆ ಹೋಗಿ.