ಎರಡು ಗೆರೆ ಎಳೆಯಲು ಮೂರು ವಾರ

ಪತ್ರಿಕೆಯೊಂದರ ಕಾಗದ ಖರೀದಿ ವಿಭಾಗದಲ್ಲಿ ವರ್ಷಗಟ್ಟಲೆ ರೀಲುಗಳ ಲೆಕ್ಕ ಬರೆದವನು ನಾನು. ಭಾರತ ಮತ್ತು ಅಮೆರಿಕ ಹೊರಗಿನಿಂದ ತರಿಸುವ ನ್ಯೂಸ್‌ಪ್ರಿಂಟನ್ನು, ಅಂದರೆ ಪತ್ರಿಕೆ ಅಚ್ಚು ಹಾಕುವ ಕಾಗದವನ್ನು, ಒಂದೇ ನಕ್ಷೆಯಲ್ಲಿ ಹೋಲಿಸಲು ಕುಳಿತಾಗ ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಮೊದಲು ಡಾಲರ್ ಲೆಕ್ಕದ ಅಂಕಿಗಳನ್ನು ಹಿಡಿದುಕೊಂಡೆ. ಅದೇ ತಪ್ಪು. 2021–22ರಲ್ಲಿ ಕಾಗದದ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ನಾವು ಪುಟ ಕಡಿತ ಮಾಡುತ್ತಿದ್ದರೂ ಹಣದ ಗೆರೆ ಮಾತ್ರ ಮೇಲೇರುತ್ತಿತ್ತು. ಎಲ್ಲವನ್ನೂ ಬದಿಗಿಟ್ಟು ತೂಕಕ್ಕೆ ಬಂದೆ. ಅಲ್ಲೂ ಎಡವಿದೆ: ಅಮೆರಿಕದ ಹಳೆಯ ಪಟ್ಟಿಗಳ ಟನ್ ಎಂದರೆ 907 ಕಿಲೋ, ನಮ್ಮದು ಸಾವಿರ. ಜೊತೆಗೆ ಅವರ ವರ್ಷ ಜನವರಿಗೆ ಆರಂಭ, ನಮ್ಮ ವ್ಯಾಪಾರದ ಅಂಕಿಗಳದ್ದು ಏಪ್ರಿಲ್‌ಗೆ. ಕೊನೆಗೆ 1961ರಿಂದ ಎರಡೂ ದೇಶಗಳನ್ನು ಮೆಟ್ರಿಕ್ ಟನ್ ಮತ್ತು ಕ್ಯಾಲೆಂಡರ್ ವರ್ಷದಲ್ಲಿ ಕೊಡುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಗಳಿಗೇ ಅಂಟಿಕೊಂಡೆ.

ನಕ್ಷೆಯಲ್ಲಿ ಅಮೆರಿಕ ಬೆಟ್ಟ, ಭಾರತ ಅದರ ಬುಡದ ಬದು. ಆದ್ದರಿಂದ ಎರಡನ್ನೂ, ಆಧಾರ ವರ್ಷದ ಆಮದನ್ನು 100 ಎಂದಿಟ್ಟು ಉಳಿದದ್ದನ್ನು ಅಳೆಯುವ ಸೂಚ್ಯಂಕಕ್ಕೆ ಬದಲಿಸಿದೆ. ವಿದೇಶಿ ವಿನಿಮಯದ ಬಿಕ್ಕಟ್ಟಿನ 1991ನ್ನು ಆಧಾರ ವರ್ಷ ಮಾಡುವ ಧೈರ್ಯ ಬರಲಿಲ್ಲ. ಐದು ವರ್ಷಗಳ ಸರಾಸರಿ ಹಿಡಿದೆ.

ಗೆರೆ ಎಳೆಯುವುದಕ್ಕಿಂತ ಓದುವುದು ಕಷ್ಟ. ಭಾರತದ ಹಳೆಯ ದಶಕಗಳನ್ನು ನೋಡಿ 'ಆಗ ಓದುಗರು ಕಡಿಮೆ' ಎಂದು ಬರೆದು, ಆಮೇಲೆ ಹೊಡೆದುಹಾಕಿದೆ. 1962ರ ನ್ಯೂಸ್‌ಪ್ರಿಂಟ್ ನಿಯಂತ್ರಣ ಆದೇಶದಡಿ ಯಾರಿಗೆ ಎಷ್ಟು ಕಾಗದ ಎಂಬುದನ್ನು ಸರ್ಕಾರವೇ ಅಳೆದು ಕೊಡುತ್ತಿತ್ತು. ಪತ್ರಿಕೆಗಳಿಗೆ ಹತ್ತು ಪುಟಗಳ ಮಿತಿ ಹೇರಿದ್ದನ್ನು ಸುಪ್ರೀಂ ಕೋರ್ಟ್ 1972ರಲ್ಲಿ, ಟೈಮ್ಸ್ ಆಫ್ ಇಂಡಿಯಾದ ಪ್ರಕಾಶಕರಾದ ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ ತಳ್ಳಿಹಾಕಿತು. ಆ ಕಾಲದ ಗೆರೆ ಓದುಗರ ಹಸಿವನ್ನಲ್ಲ, ಖಜಾನೆಯಲ್ಲಿದ್ದ ಡಾಲರನ್ನು ತೋರಿಸುತ್ತದೆ. ಅಮೆರಿಕದ 2018ರ ಇಳಿತವನ್ನು ಕೆನಡಾದ ಕಾಗದದ ಮೇಲೆ ಹಾಕಿದ್ದ ಸುಂಕದ ತಲೆಗೆ ಕಟ್ಟಿದ್ದೆ. ಅದೂ ನಿಲ್ಲಲಿಲ್ಲ. ಆ ಸುಂಕ ಅದೇ ಆಗಸ್ಟ್‌ನಲ್ಲಿ ಬಿದ್ದುಹೋಯಿತು. ಇಳಿಜಾರು ಮಾತ್ರ ಅದಕ್ಕೂ ಎಷ್ಟೋ ವರ್ಷ ಮೊದಲೇ ಶುರುವಾಗಿತ್ತು.

ಆಮದು ಇಳಿದರೆ ಬಳಕೆ ಇಳಿಯಿತೆಂದೂ ಅಲ್ಲ. ಒಂದು ಕಾಲಕ್ಕೆ ನಮ್ಮ ಭದ್ರಾವತಿಯ ಕಾರ್ಖಾನೆ, ಮಧ್ಯಪ್ರದೇಶದ ನೇಪಾನಗರದ ಕಾರ್ಖಾನೆ ಎರಡೂ ನ್ಯೂಸ್‌ಪ್ರಿಂಟ್ ಕೊಡುತ್ತಿದ್ದವು. ಉತ್ಪಾದನೆಗೆ ಆಮದು ಸೇರಿಸಿ ರಫ್ತು ಕಳೆದ ಮೇಲೆಯೇ ಬಳಕೆಯ ಬಗ್ಗೆ ಮಾತಾಡಲು ಕೂತದ್ದು.

ನನ್ನನ್ನು ನಿಜವಾಗಿ ಕಾಡಿದ್ದು ರದ್ದಿ. ಸುಂಕದ ಪಟ್ಟಿಯಲ್ಲಿ ನ್ಯೂಸ್‌ಪ್ರಿಂಟ್‌ನ ಸಂಖ್ಯೆ 4801. ಹಳೆಯ ಪತ್ರಿಕೆಗಳದ್ದು 4707.30. ನಮ್ಮ ಅನೇಕ ಕಾರ್ಖಾನೆಗಳು ಕಾಗದ ಮಾಡುವುದು ರದ್ದಿಯಿಂದ, ಆ ರದ್ದಿಯನ್ನು ಕಳಿಸುವ ದೇಶಗಳಲ್ಲಿ ಅಮೆರಿಕವೂ ಒಂದು. ಕೆನಡಾದ ಮರ ಅಮೆರಿಕದಲ್ಲಿ ಪತ್ರಿಕೆಯಾಗಿ, ರದ್ದಿಯಾಗಿ ಹಡಗು ಹತ್ತಿ, ಇಲ್ಲಿ 'ಸ್ವದೇಶಿ' ರೀಲಾಗುತ್ತದೆ. ಅದು ಅಮೆರಿಕದ ಗೆರೆಯಲ್ಲಿ ಎಣಿಕೆಗೆ ಸಿಗುತ್ತದೆ, ನಮ್ಮದರಲ್ಲಿ ಇಲ್ಲ. ಮಸಿ ತೆಗೆಯುವಾಗ ನಾರಿನ ಒಂದು ಪಾಲು ತೊಳೆದುಹೋಗುವುದರಿಂದ ರದ್ದಿಯ ಟನ್ನನ್ನು ಕಾಗದದ ಟನ್ನಿಗೆ ನೇರವಾಗಿ ಕೂಡಿಸುವಂತಿಲ್ಲ. ಭಾರತದ ಗೆರೆಯ ಕೆಳಗೆ ಅದನ್ನು ಬೇರೆಯಾಗಿ, ಚುಕ್ಕಿಗಳಲ್ಲಿ ಎಳೆದೆ.